ಆರರಿಂದ ಏಳು, ಇಂಗ್ಲಿಷ್ ಮಾತ್ರ

೪ ಫೆಬ್ರವರಿ ೧೯೭೪, ಸೋಮವಾರ

ಕಾಲಿಗೆ ಪ್ಲಾಸ್ಟರ್ ಹಾಕಿ ಇಂದಿಗೆ ಐದು ದಿನ. ಎರಡು ತಿಂಗಳು ಹಾಗೇ ಇರಬೇಕಂತೆ. ನಾಯಂಡಹಳ್ಳಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿದೆ, ಬಿದ್ದೆ. ಬಂದವರಿಗೆ ಹಾಗೆಂದು ಹೇಳಿಲ್ಲ. ಎದುರುಮನೆಯವರಿಗೆ, ಹಸು ಅಟ್ಟಿಸಿಕೊಂಡು ಬಂದ ಮಗುವನ್ನು ಎಳೆದುಕೊಳ್ಳಲು ಹೋಗಿ ಬಿದ್ದೆ ಎಂದೆ. ಕಾರ್ಖಾನೆಯಿಂದ ನೋಡಲು ಬಂದವರಿಗೆ ಹಸುವನ್ನು ಗೂಳಿ ಮಾಡಿದೆ. ಮಕ್ಕಳು ಎರಡಾದವು.

ಮಂಚವನ್ನು ಹಾಲಿಗೆ ತಂದು ಹಾಕಿದ್ದಾರೆ. ಸಂಜೆ ಆರರಿಂದ ಏಳರವರೆಗೆ ಅದೇ ಹಾಲಿನಲ್ಲಿ ನನ್ನ ಅಕ್ಕನ ಮಗಳು ತುಂಗಾ ಇಂಗ್ಲಿಷ್ ಮಾತಾಡುವ ಕ್ಲಾಸು ನಡೆಸುತ್ತಾಳೆ. ಬಿ.ಎ. ಮುಗಿಸಿ ನಮ್ಮಲ್ಲೇ ಇದ್ದಾಳೆ. ಹೋದ ದಸರೆಯಲ್ಲಿ ಶುರುವಾದಾಗ ಹದಿಮೂರು ಜನ. ಈಗ ಆರು. ಇಷ್ಟು ದಿನ ಆ ಹೊತ್ತಿಗೆ ನಾನು ಮನೆಯಲ್ಲಿರುತ್ತಿರಲಿಲ್ಲ. ಈಗ ಕೇಳದೆ ವಿಧಿಯಿಲ್ಲ.

ನಾನು ಊರ ಶಾಲೆಯಲ್ಲಿ ಲೋವರ್ ಸೆಕೆಂಡರಿ ಓದಿದವನು. ಆದರೂ ಇಂಗ್ಲಿಷಿನಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಇನ್ನೂರ ನಲವತ್ತು ಸಾಮಾನುಗಳ ಹೆಸರನ್ನು ಇಂಗ್ಲಿಷಿನಲ್ಲೇ ಬರೆಯುತ್ತೇನೆ. ಬಾಯಿಬಿಟ್ಟು ಮಾತಾಡುವ ಪ್ರಸಂಗ ಬಂದಿಲ್ಲ, ಅಷ್ಟೆ.

೬ ಫೆಬ್ರವರಿ, ಬುಧವಾರ

ತುಂಗಾಳ ಪುಸ್ತಕದಲ್ಲಿ ಗಂಡ ಹೆಂಡತಿ ಇಬ್ಬರು ಲಂಡನ್ನಿನಲ್ಲಿ ಚಹಾ ಕುಡಿಯುತ್ತಾ ಮಂಜಿನ ವಿಷಯ ಮಾತಾಡುತ್ತಾರೆ. ಅವಳು ಒಂದು ಸಾಲು ಓದುತ್ತಾಳೆ, ಆರು ಜನ ಒಟ್ಟಿಗೆ ಹೇಳುತ್ತಾರೆ. ಸಂಧ್ಯಾವಂದನೆಯ ಹಾಗೆ. ವಿಜಯನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗುರುಸಿದ್ದಯ್ಯನವರು ಮೂರನೇ ಸಾಲಿಗೆ ಗೊರಕೆ ಹೊಡೆದರು. ಐವತ್ತೈದು ವಯಸ್ಸು. ಬೊಂಬಾಯಿ ಮಿಲ್ಲಿನವರು ಬಂದಾಗ ಮಾತಾಡಬೇಕೆಂದು ಸೇರಿದವರು. ಬೊಂಬಾಯಿಯವರು ಮಂಜಿನ ವಿಷಯ ಎತ್ತುತ್ತಾರೆಯೇ?

ಜಗದಾಂಬಾ ಎಂಬ ಹುಡುಗಿಗೆ ಹದಿನೇಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಹೋಗಿದೆ. ಪುಸ್ತಕದ ಅಂಚಿನಲ್ಲಿ ರಂಗೋಲಿ ಬಿಡಿಸುತ್ತಿದ್ದಳು. ಅವಳ ಪಕ್ಕದಲ್ಲಿ ರಾಣೆಬೆನ್ನೂರು ಕಡೆಯ ಶಾಂತವ್ವ. ಗಂಡ ಸರ್ಕಾರಿ ಗುಮಾಸ್ತ. ಮಗನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದಾರೆ. ಅಲ್ಲಿಯ ಮಿಸ್ಸು ಕರೆಸಿ ಮಾತಾಡಿದರೆ ಈಕೆಗೆ ತಿಳಿಯುವುದಿಲ್ಲ, ಅದಕ್ಕೆ ಬಂದಿದ್ದಾಳೆ. ನಾಲ್ಕು ತಿಂಗಳಿಂದ ಬರುತ್ತಾಳೆ, ಬಾಯಿ ತೆರೆದದ್ದಿಲ್ಲ. ನೆಲ ನೋಡುತ್ತಾಳೆ.

"ಆ ಶಾಂತವ್ವನಿಗೆ ತಲೇಲಿ ಏನೂ ಇಲ್ಲ ಕಣೇ" ಎಂದೆ ಕ್ಲಾಸು ಮುಗಿದ ಮೇಲೆ.

"ಮಾವ, ನೀವು ಸುಮ್ನೆ ಮಲ್ಕೊಳ್ಳಿ" ಎಂದಳು ತುಂಗಾ. ಅಲ್ಲ ಎನ್ನಲಿಲ್ಲ.

೧೧ ಫೆಬ್ರವರಿ, ಸೋಮವಾರ

ಪದ್ಮನಾಭ ಭಾವನ ಕಾಗದ. ತುಂಗಾಳ ಅಪ್ಪ, ಕುಣಿಗಲ್ ಕಡೆ ಹೆಡ್ ಮಾಸ್ಟರು. ತಿಪಟೂರಿನಲ್ಲಿ ಒಂದು ಸಂಬಂಧ ಬಂದಿದೆಯಂತೆ. ಎರಡನೇ ಸಂಬಂಧ, ವಯಸ್ಸು ನಲವತ್ತು, ಮನೆ ತುಂಬ ಜನ. ಕ್ಲಾಸು ಕ್ಲಾಸು ಎನ್ನುತ್ತಾಳಲ್ಲ, ಯುಗಾದಿಗೆ ಬಂದು ಕೂತು ನೋಡುತ್ತೇನೆ, ಅದು ಕ್ಲಾಸೆನ್ನುವ ಹಾಗಿದ್ದರೆ ಇರಲಿ, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟಿಸಿ ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದಾರೆ.

ತುಂಗಾ ಕಾಗದವನ್ನು ಎರಡು ಸಲ ಓದಿ ಮಡಿಸಿಟ್ಟಳು. ಅಳಲಿಲ್ಲ. ಸಂಜೆ ಕ್ಲಾಸಿಗೆ ಬಂದವರು ನಾಲ್ಕು ಜನ.

೧೪ ಫೆಬ್ರವರಿ, ಗುರುವಾರ

ಇಂದು ನನಗೆ ತಡೆಯಲಾಗಲಿಲ್ಲ. ಲಂಡನ್ನಿನವರು ಎರಡನೇ ಸಲ ಚಹಾ ಬಗ್ಗಿಸಿಕೊಳ್ಳುವಾಗ ಮಂಚದಿಂದಲೇ ಕೇಳಿದೆ.

"ಜಗದಾಂಬಾ, ಬೆಳಗ್ಗೆ ಕೊಳಾಯಿ ಹತ್ರ ಯಾರ ಜೊತೆ ಜಗಳ ಆಡ್ತಿದ್ದೆ? ಇಲ್ಲಿಗೆ ಕೇಳಿಸ್ತು."

"ಮೂಲೆಮನೆಯೋರ ಜೊತೆ ಅಂಕಲ್. ನನ್ನ ಬಿಂದಿಗೆ ಹಿಂದಕ್ಕೆ ತಳ್ಳಿದ್ರು."

"ಅದೇ ಜಗಳಾನ ಇಂಗ್ಲಿಷಲ್ಲಿ ಆಡು ನೋಡೋಣ. ಗುರುಸಿದ್ದಯ್ಯನೋರೇ, ನೀವು ಮೂಲೆಮನೆಯೋರು."

ತುಂಗಾ ಕಣ್ಣು ಕೆಕ್ಕರಿಸಿದಳು. ಆದರೆ ಹುಡುಗಿ ಅಷ್ಟರಲ್ಲಿ ಎದ್ದಾಗಿತ್ತು. ಸೊಂಟದ ಮೇಲೆ ಕೈಯಿಟ್ಟು, "ಮೈ ಪಾಟ್ ಫಸ್ಟ್! ಯೂ ಕಮ್ ಲೇಟ್! ಯೂ ಪುಷ್!" ಎಂದಳು. ಗುರುಸಿದ್ದಯ್ಯನವರು ಶಲ್ಯ ಸರಿಮಾಡಿಕೊಂಡು ಎದ್ದು ನಿಂತು, ಬಹಳ ಯೋಚನೆ ಮಾಡಿ, "ಯುವರ್ ಪಾಟ್ ನೋ ಗುಡ್. ಹೋಲ್" ಎಂದರು. ಎಲ್ಲರೂ ನಕ್ಕರು. ಜಗಳ ಕಾಲು ಗಂಟೆ ನಡೆಯಿತು. ಶಾಂತವ್ವ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಏನೋ.

ಜನ ಹೋದ ಮೇಲೆ ತುಂಗಾ ನನ್ನ ಮೇಲೆ ಎಗರಿದಳು. "ಅಪ್ಪ ಬಂದಾಗ ಇದನ್ನೇ ತೋರಿಸ್ಲಾ ಮಾವ? ಒಂದು ವಾಕ್ಯ ಸರಿ ಇರ್ಲಿಲ್ಲ."

"ವಾಕ್ಯ ಸರಿ ಇದ್ದಾಗ ಅವ್ರು ಗೊರಕೆ ಹೊಡೀತಿದ್ರು" ಎಂದೆ.

ದೀಪ ಆರಿಸುವ ಮೊದಲು ನೋಡಿದೆ, ಲಂಡನ್ನಿನ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಅವಳು ಕೊಳಾಯಿ ಜಗಳವನ್ನು ತಿದ್ದಿ ಬರೆಯುತ್ತಿದ್ದಳು.

೧೮ ಫೆಬ್ರವರಿ, ಸೋಮವಾರ

ಆರು ಜನ. ಬಿಟ್ಟುಹೋದ ಇಬ್ಬರು ತಾವಾಗಿಯೇ ಬಂದರು. ಕೊಳಾಯಿ ಜಗಳವನ್ನು ಜಗದಾಂಬಾ ಬೀದಿಯಲ್ಲೆಲ್ಲ ಆಡಿ ತೋರಿಸಿದ್ದಾಳಂತೆ. ಇದು ನನ್ನ ಉಪಾಯ ಎಂದು ನೋಡಲು ಬಂದ ಎಲ್ಲರಿಗೂ ಹೇಳಿದ್ದೇನೆ. ಹಾಲಿನವನಿಗೂ ಹೇಳಿದೆ.

೨೫ ಫೆಬ್ರವರಿ, ಸೋಮವಾರ

ಬಸ್ ಕಂಡಕ್ಟರ್ ಪಾಠ, ತರಕಾರಿ ಚೌಕಾಶಿ ಪಾಠ, ಬಾಡಿಗೆ ಮನೆ ಕೇಳುವ ಪಾಠ. ಇವೆಲ್ಲ ತುಂಗಾಳೇ ಮಾಡಿದ್ದು. ನಾನು ಮನೆ ಯಜಮಾನನಾಗಿ ಮಂಚದ ಮೇಲಿಂದ "ನೋ, ನೋ" ಎಂದು ಎಲ್ಲರನ್ನೂ ಓಡಿಸಿದೆ. ಚೆನ್ನಾಗಿ ಮಾಡಿದೆ.

ಶಾಂತವ್ವನದು ಅದೇ ಮೌನ. ಇಂದು ಊಟಕ್ಕೆ ಕೂತಾಗ ಮತ್ತೆ ಅದೇ ಮಾತು ತೆಗೆದೆ. ಅವಳ ತಲೆಯಲ್ಲಿ ಏನೂ ಇಲ್ಲ, ಭಾವ ಬರುವ ದಿನ ಅವಳಿಗೆ ಬರಬೇಡ ಅಂದುಬಿಡು ಎಂದೆ. ತುಂಗಾ ಯೋಚನೆ ಮಾಡುತ್ತಿದ್ದಳು. ನನ್ನ ಹೆಂಡತಿ ಅನಂತಲಕ್ಷ್ಮಿ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತಳು.

"ತುಂಗಾ, ಮೊದಲನೇ ದಿನ ನೀನು ಅವರನ್ನ ಏನು ಕೇಳ್ದೆ?"

"ಪಾಠದಲ್ಲಿದ್ದದ್ದೇ ಅತ್ತೆ. ನಿಮ್ಮ ಹೆಸರೇನು, ನಿಮ್ಮ ಗಂಡನ ಹೆಸರೇನು…"

"ಗಂಡಸರ ಮುಂದೆ, ಹಾಲಲ್ಲಿ, ಗಂಡನ ಹೆಸರು ಹೇಳು ಅಂದ್ರೆ ಹೇಗೆ ಹೇಳ್ತಾರಮ್ಮಾ? ಆವತ್ತು ಮುಚ್ಚಿದ ಬಾಯಿ ಅದು. ಆಮೇಲೆ ತೆಗೆಯೋಕೆ ನಾಚಿಕೆ."

"ಇಂಗ್ಲಿಷಲ್ಲಿ ಹೇಳೋದಕ್ಕೂ ಮಡಿಯಾ?" ಎಂದು ನಾನು ನಕ್ಕೆ.

"ಹೆಸರು ಯಾವ ಭಾಷೆಯಲ್ಲಾದ್ರೂ ಹೆಸರೇ ಅಲ್ವೇನ್ರಿ? ನಾನು ಮೂವತ್ತು ವರ್ಷದಿಂದ ಹೇಳಿದೀನಾ?"

ಅದು ನಿಜ. ಗಮನಿಸಿರಲಿಲ್ಲ. ಇನ್ನೊಂದು ಸಂಗತಿ, ಮೊದಲನೇ ದಿನದ ಪಾಠ ಅಡುಗೆಮನೆಯಲ್ಲಿದ್ದವಳಿಗೆ ಹೇಗೆ ಗೊತ್ತು ಎಂದು ಕೇಳಲು ಮರೆತೆ.

೨೬ ಫೆಬ್ರವರಿ, ಮಂಗಳವಾರ

ಕ್ಲಾಸು ಶುರುವಾಗುವ ಮೊದಲು ಅನಂತಲಕ್ಷ್ಮಿ ಶಾಂತವ್ವನನ್ನು ಒಳಗೆ ಕರೆದು ಕಾಫಿ ಕೊಟ್ಟಳು. ಬಾಗಿಲು ತೆರೆದೇ ಇತ್ತು, ಕೇಳಿಸಿತು.

"ನಮ್ ಕಡೆ ಹೆಸರು ಹಂಗ ಬಾಯಿಲೆ ಹೇಳಂಗಿಲ್ರಿ ಅಮ್ಮಾರ. ಒಡಪು ಕಟ್ಟಿ ಹೇಳ್ತೀವ್ರಿ. ಲಗ್ನದಾಗ ಹಿರೇರು ಬಾಗಲಾ ತರುಬಿ ನಿಂದರ್ತಾರ. ಒಡಪಿನಾಗ ಗಂಡನ ಹೆಸರು ಕೂಡಿಸಿ ಹೇಳಿದ್ರನ ಒಳಗ ಬಿಡೂದು."

"ನೀವೇನು ಹೇಳಿದ್ರಿ?"

ಶಾಂತವ್ವ ಸ್ವಲ್ಪ ಹೊತ್ತು ಬೇಡ ಬೇಡ ಎಂದಳು. ಆಮೇಲೆ ರಾಗವಾಗಿ ಹೇಳಿದಳು: "ಹುಬ್ಬಳ್ಳಿ ರೈಲು ಹೊತ್ತಿಗೆ ಬರೂದಿಲ್ಲ, ಬಸವಲಿಂಗಪ್ಪನವರು ಊಟಕ್ಕ ತಡಾ ಮಾಡೂದಿಲ್ಲ."

ನಾನು ಹಾಲಿನಿಂದ ಗಟ್ಟಿಯಾಗಿ ನಕ್ಕುಬಿಟ್ಟೆ. ಒಳಗೆ ಮಾತು ನಿಂತಿತು. ಆದರೆ ತುಂಗಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಆರು ಗಂಟೆಗೆ ಲಂಡನ್ನಿನ ಪುಸ್ತಕವನ್ನು ಕಿಟಕಿಯಲ್ಲಿಟ್ಟು, ಇವತ್ತು ಇಂಗ್ಲಿಷಿನಲ್ಲಿ ಒಡಪು ಎಂದಳು. ಪದ ಬೇಕಾದರೆ ಕೇಳಿ, ಕೊಡುತ್ತೇನೆ, ಕಟ್ಟುವುದು ನೀವೇ.

ಅರ್ಧ ಗಂಟೆ ಯಾರೂ ಏಳಲಿಲ್ಲ. ಎಲ್ಲರೂ ತುಟಿ ಅಲ್ಲಾಡಿಸುತ್ತಿದ್ದರು. ಮೊದಲು ಎದ್ದವಳು ಶಾಂತವ್ವ. ನೆಲ ನೋಡುತ್ತಲೇ ಹೇಳಿದಳು.

"ಟ್ರೈನ್ ಕಮ್ಸ್ ಲೇಟ್, ಬಸ್ ಕಮ್ಸ್ ಲೇಟ್, ಬಸವಲಿಂಗಪ್ಪ ಕಮ್ಸ್ ಫಸ್ಟ್ ಟು ದಿ ಪ್ಲೇಟ್."

ಗುರುಸಿದ್ದಯ್ಯನವರು ತೊಡೆ ತಟ್ಟಿಕೊಂಡರು. ನಮ್ಮ ಕಡೆ ಗಂಡಸರೂ ಹೇಳ್ತಾರೆ ಎಂದು ತಾವೂ ಎದ್ದರು. "ಸಿಲ್ಕ್ ಈಸ್ ಸಾಫ್ಟ್, ಕಾಟನ್ ಈಸ್ ಚೀಪ್, ಶಿವಕ್ಕ ಸ್ಕೋಲ್ಡ್ಸ್ ಮಿ ಈವನ್ ಇನ್ ಸ್ಲೀಪ್."

ಒಂದೂ ತಪ್ಪಿಲ್ಲ ಎಂದಳು ತುಂಗಾ. ನನಗೂ ಹಾಗೇ ಅನ್ನಿಸಿತು.

೫ ಮಾರ್ಚ್, ಮಂಗಳವಾರ

ಹನ್ನೊಂದು ಜನ. ವಿಜಯನಗರದ ಹೆಂಗಸರು ಗುಂಪಾಗಿ ಬರುತ್ತಾರೆ. ಗುರುಸಿದ್ದಯ್ಯನವರ ಶಿವಕ್ಕನೂ ಬಂದರು, ಗಂಡನಿಗೆ ಉತ್ತರ ಕೊಡಬೇಕಂತೆ. ಶಾಂತವ್ವ ಮಾತು ನಿಲ್ಲಿಸುವುದೇ ಇಲ್ಲ. ಮಗನ ಶಾಲೆಯ ಮಿಸ್ಸಿಗೆ ಹೋಗಿ "ಪ್ಲೀಸ್ ಸೇ ಸ್ಲೋಲಿ" ಎಂದಳಂತೆ. ಮಿಸ್ಸು ನಿಧಾನವಾಗಿ ಹೇಳಿದರಂತೆ. ಹುಡುಗ ಹೋಮ್ ವರ್ಕ್ ಮಾಡುವುದಿಲ್ಲ ಎಂಬುದು ಆಗ ತಿಳಿಯಿತಂತೆ.

ತುಂಗಾ ಒಂದು ನಿಯಮ ಮಾಡಿ ರಟ್ಟಿನ ಮೇಲೆ ಬರೆದು ತೂಗುಹಾಕಿದ್ದಾಳೆ. ಆರರಿಂದ ಏಳರವರೆಗೆ ಈ ಹಾಲಿನಲ್ಲಿ ಯಾರೇ ಇರಲಿ, ಇಂಗ್ಲಿಷ್ ಮಾತ್ರ. ನನಗೂ ಸೇರಿ. ನೀರು ಕೇಳುವುದಕ್ಕೂ. ಇಂದು ಬಹಳ ಬಾಯಾರಿಕೆಯಾಗಿತ್ತು. ಏಳರವರೆಗೆ ತಡೆದುಕೊಂಡೆ.

೧೧ ಮಾರ್ಚ್, ಸೋಮವಾರ

ಪ್ಲಾಸ್ಟರಿನೊಳಗೆ ಕಡಿತ. ಬೇರೇನಿಲ್ಲ.

೧೩ ಮಾರ್ಚ್, ಬುಧವಾರ

ನೀರು ಕೇಳಿದೆ. ಜಗದಾಂಬಾ ತಿದ್ದಿದಳು. ಎರಡನೇ ಸಲ ಸರಿಯಾಗಿ ಕೇಳಿದೆ. ತಂದುಕೊಟ್ಟಳು.

೨೪ ಮಾರ್ಚ್, ಭಾನುವಾರ, ಯುಗಾದಿ

ಮಧ್ಯಾಹ್ನದ ಬಸ್ಸಿಗೆ ಭಾವ ಬಂದರು. ಕೈಯಲ್ಲಿ ಕೊಡೆ, ಕಂಕುಳಲ್ಲಿ ದಪ್ಪ ಗ್ರಾಮರ್ ಪುಸ್ತಕ. ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಹಾಲಿನ ರಟ್ಟನ್ನು ಓದಿದರು. "ಕ್ಲಾಸು ನಾಳೆ ಅಲ್ವಾ" ಎಂದರು. ತಿಪಟೂರಿನವರಿಗೆ ವಾರದೊಳಗೆ ಮಾತು ಕೊಡಬೇಕಂತೆ. ತುಂಗಾ ಕಾಲಿಗೆ ನಮಸ್ಕಾರ ಮಾಡಿ ಒಳಗೆ ಹೋದಳು. ಅವಳ ಪೆಟ್ಟಿಗೆ ಅಟ್ಟದಿಂದ ಇಳಿದಿದೆ. ಇಳಿಸಿದ್ದು ಅವಳೇ.

೨೫ ಮಾರ್ಚ್, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸೇರಿಸಿ ಬರೆದರೆ ನನಗೇ ಮುಂದೆ ಗೊತ್ತಾಗುವುದಿಲ್ಲ.

ಹದಿನೈದು ಜನ ಬಂದಿದ್ದರು. ಹಬ್ಬದ ಸೀರೆಗಳಲ್ಲಿ. ಭಾವ ಕುರ್ಚಿಯಲ್ಲಿ ಕೂತು ಗ್ರಾಮರ್ ಪುಸ್ತಕ ತೆರೆದರು. ಗುರುಸಿದ್ದಯ್ಯನವರಿಗೆ ಒಂದು ವಾಕ್ಯ ಕೊಟ್ಟು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರಿಗೆ ತಿಳಿಯಲಿಲ್ಲ. ಜಗದಾಂಬಾಳಿಗೆ ಇನ್ನೊಂದು ಕೊಟ್ಟರು. ಅವಳು ಅರ್ಧ ಹೇಳಿ ನಿಲ್ಲಿಸಿದಳು. ಶಾಂತವ್ವನ ಕಡೆ ನೋಡಿದರು. ಅವಳು ನೆಲ ನೋಡಿದಳು. ಕ್ಲಾಸು ಹಳೆಯ ಕಾಲಕ್ಕೆ ಹೋದ ಹಾಗಾಯಿತು.

ಭಾವ ಪುಸ್ತಕ ಮುಚ್ಚಿದರು. ತುಂಗಾಳಿಗೆ ಮೆಲ್ಲಗೆ, "ಆಯ್ತಲ್ಲಮ್ಮ. ಬೆಳಗ್ಗೆ ಮೊದಲನೇ ಬಸ್ಸು" ಎಂದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಏನಾದರೂ ಅನ್ನಬಹುದಿತ್ತು. ತುಂಗಾ ಗೋಡೆಗೆ ಒರಗಿ ನಿಂತಿದ್ದಳು.

ಆಗ ಅನಂತಲಕ್ಷ್ಮಿ ತಟ್ಟೆಗಳನ್ನು ತಂದಳು. ಮನೆಗೆ ಬಂದವರನ್ನು ಹಬ್ಬದ ಮಾರನೇ ದಿನ ಬರಿಗೈಯಲ್ಲಿ ಕಳಿಸುವುದುಂಟೇ? ಒಬ್ಬಟ್ಟು, ಮೇಲೆ ತುಪ್ಪ. ಬಡಿಸುವುದಕ್ಕೆ ಶಾಂತವ್ವ ಎದ್ದಳು. ಅವರ ಕಡೆಯವರು ಬೇರೆ ಯಾರಾದರೂ ಬಡಿಸುತ್ತಿದ್ದರೆ ಕೂತಿರಲಾರರು. ಭಾವನ ತಟ್ಟೆಗೆ ಎರಡು ಹಾಕಿದಳು, ತಿಂದರು. ಮೂರನೆಯದನ್ನು ಹಿಡಿದು ನಿಂತಳು.

"ಸಾಕಮ್ಮಾ" ಎಂದರು ಭಾವ.

ಶಾಂತವ್ವ ರಟ್ಟಿನ ಕಡೆ ಕೈ ತೋರಿಸಿದಳು. "ಸರ್, ಇಂಗ್ಲಿಷ್ ಓನ್ಲಿ."

ಭಾವ ಸುತ್ತ ನೋಡಿದರು. "ನೋ, ಥ್ಯಾಂಕ್ ಯೂ."

ಒಂದು ಸಲ ಬೇಡ ಎಂದರೆ ಅದು ಬೇಡ ಎಂದಲ್ಲ, ಮರ್ಯಾದೆ. ಶಾಂತವ್ವ ಮೂರನೆಯದನ್ನು ಹಾಕಿಬಿಟ್ಟಳು. ಅದನ್ನು ಮುಗಿಸುವುದರೊಳಗೆ ನಾಲ್ಕನೆಯದು ಬಂತು.

"ನೋ. ನೋ!"

"ವೈ ನೋ, ಸರ್? ಸ್ವೀಟ್ ಈಸ್ ನಾಟ್ ಗುಡ್?" ಎಂದರು ಶಿವಕ್ಕ, ಬಹಳ ನೊಂದವರ ಹಾಗೆ.

"ಇಟ್ ಈಸ್ ಗುಡ್. ಬಟ್…" ಭಾವ ನಿಂತರು. ಹುಡುಕಿದರು. ಕನ್ನಡದಲ್ಲಾದರೆ ಹೊಟ್ಟೆ ಮುಟ್ಟಿಕೊಂಡು, ಆಣೆ ಹಾಕಿ, ವಯಸ್ಸು, ವಾಯು ಎಲ್ಲ ಹೇಳಿ ತಪ್ಪಿಸಿಕೊಳ್ಳಬಹುದು. ಗ್ರಾಮರ್ ಪುಸ್ತಕದಲ್ಲಿ ಅದಕ್ಕೆ ದಾರಿಯಿಲ್ಲ. ಮೂವತ್ತು ವರ್ಷ ವಾಕ್ಯ ತಿರುಗಿಸಿದ ಮನುಷ್ಯ ಎರಡು ಕೈಯನ್ನೂ ತಟ್ಟೆಯ ಮೇಲೆ ಅಡ್ಡ ಹಿಡಿದು ಕೂತರು.

"ಒನ್ ಸ್ಮಾಲ್, ಸರ್. ಯೂ ಕಮ್ ಫ್ರಮ್ ಫಾರ್" ಎಂದರು ಗುರುಸಿದ್ದಯ್ಯನವರು.

"ಯುವರ್ ಡಾಟರ್ ಈಟ್ಸ್ ಫೋರ್!" ಎಂದಳು ಜಗದಾಂಬಾ.

"ಯೂ ಹ್ಯಾವ್ ಶುಗರ್, ಸರ್? ಹೌ ಮೆನಿ ಇಯರ್ಸ್?" ಎಂದು ಹಿಂದಿನಿಂದ ಯಾರೋ.

ಹದಿನೈದು ಜನ ಒಟ್ಟಿಗೆ ಶುರುಮಾಡಿದರು. ಸಕ್ಕರೆ ಕಾಯಿಲೆಗೆ ಮದ್ದಾದ ಹಾಗಲಕಾಯಿಗೆ ಇಂಗ್ಲಿಷ್ ಏನೆಂದು ಅವರವರಲ್ಲೇ ಚರ್ಚೆಯಾಯಿತು. ನಿಮಗೆ ಎಷ್ಟು ಜನ ಮಕ್ಕಳು, ಮನೆಯವರು ಯಾಕೆ ಬರಲಿಲ್ಲ, ನಿಮ್ಮೂರಲ್ಲಿ ಮಳೆಯಾಯಿತೇ. ಭಾವ ಒಬ್ಬೊಬ್ಬರ ಕಡೆ ತಿರುಗಿ ಉತ್ತರ ಹುಡುಕಿ ಹುಡುಕಿ ಕೊಡುತ್ತಿದ್ದರು. ಹಣೆಯ ಮೇಲೆ ಬೆವರು. ಕೊನೆಗೆ ತುಂಗಾ ಗೋಡೆ ಬಿಟ್ಟು ಮುಂದೆ ಬಂದು, ಅಪ್ಪನ ಪಕ್ಕದಲ್ಲಿ ಕೂತು, ಪಾಠ ಹೇಳುವ ದನಿಯಲ್ಲಿ ಹೇಳಿದಳು.

"ಸೇ, ಅಪ್ಪ: ಇಟ್ ಈಸ್ ವೆರಿ ನೈಸ್, ಬಟ್ ಐ ಕಾಂಟ್ ಈಟ್ ಎನಿ ಮೋರ್. ನೆಕ್ಸ್ಟ್ ಟೈಮ್ ಐ ವಿಲ್ ಈಟ್ ಫೈವ್."

ಭಾವ ಅವಳ ಮುಖ ನೋಡಿದರು. ಆಮೇಲೆ ಹಾಗೇ ಹೇಳಿದರು. ಮೊದಲಿನಿಂದ ಕೊನೆಯವರೆಗೆ, ಎಲ್ಲರಿಗೂ ಕೇಳುವ ಹಾಗೆ.

ಶಾಂತವ್ವ ಒಬ್ಬಟ್ಟನ್ನು ಹಿಂದಕ್ಕೆ ತೆಗೆದುಕೊಂಡಳು.

ಜನ ಹೋದ ಮೇಲೆ ಭಾವ ನನ್ನ ಮಂಚದ ತುದಿಯಲ್ಲಿ ಕೂತರು.

"ಸೇತು, ಈ ಮಾತಾಡಿಸೋ ಉಪಾಯ ಎಲ್ಲ ನಿಂದಂತೆ? ಎದುರುಮನೆಯವರು ಹೇಳಿದ್ರು."

"ಇಲ್ಲ ಭಾವ. ತುಂಗಾಂದು" ಎಂದೆ.

ಯಾಕೆ ಹಾಗೆಂದೆನೋ. ಕಾಲು ಬಹಳ ಕಡಿಯುತ್ತಿತ್ತು, ಮಾತು ಬೆಳೆಸುವ ಮನಸ್ಸಿರಲಿಲ್ಲ.

ಭಾವ ಗ್ರಾಮರ್ ಪುಸ್ತಕವನ್ನು ಕಿಟಕಿಯಲ್ಲಿಟ್ಟರು. "ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದೀನಿ ಕಣೋ. ಇಷ್ಟು ವರ್ಷಕ್ಕೆ ಒಬ್ಬನೂ ನನ್ನನ್ನ ಇಂಗ್ಲಿಷಲ್ಲಿ, ನಿಮ್ಮೂರಲ್ಲಿ ಮಳೆ ಆಯ್ತಾ ಅಂತ ಕೇಳಿಲ್ಲ" ಎಂದರು.

೨೬ ಮಾರ್ಚ್, ಮಂಗಳವಾರ

ಭಾವ ಮೊದಲನೇ ಬಸ್ಸಿಗೆ ಹೋದರು. ಒಬ್ಬರೇ. ತಿಪಟೂರಿನ ವಿಷಯ ಎತ್ತಲಿಲ್ಲ. ಗ್ರಾಮರ್ ಪುಸ್ತಕವನ್ನು ಕಿಟಕಿಯಲ್ಲಿ ಬಿಟ್ಟುಹೋಗಿದ್ದಾರೆ. ಮರೆತದ್ದೋ ಏನೋ. ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಲು ತುಂಗಾಳಿಗೆ ಧೈರ್ಯ ಬಂದಿಲ್ಲ. ಹಾಲಿನ ಮೂಲೆಯಲ್ಲೇ ಇದೆ.

೩ ಏಪ್ರಿಲ್, ಬುಧವಾರ

ಮೊನ್ನೆ ಪ್ಲಾಸ್ಟರ್ ತೆಗೆದರು. ಕಾಲು ಬೇರೆ ಯಾರದೋ ಇದ್ದ ಹಾಗಿದೆ. ಸೋಮವಾರದಿಂದ ಕೆಲಸಕ್ಕೆ ಹೋಗಬಹುದು. ಮಂಚವನ್ನು ಒಳಗೆ ಹಾಕಿದರು. ಸಂಜೆ ಆರಕ್ಕೆ ಹೊರಗೆ ಹೋಗೋಣವೆಂದು ಚಪ್ಪಲಿ ಹಾಕಿಕೊಂಡೆ. ಬಿಸಿಲಿನ್ನೂ ಇತ್ತು. ಚಾಪೆಯಲ್ಲಿ ಜಾಗವಿತ್ತು, ಕೂತೆ.

ತುಂಗಾ ಹಾಜರಿ ಕರೆದಳು. ಹದಿನಾಲ್ಕನೇ ಹೆಸರು ಅನಂತಲಕ್ಷ್ಮಿ. ಅಡುಗೆಮನೆ ಬಾಗಿಲಿನಿಂದ "ಪ್ರೆಸೆಂಟ್" ಎಂದು ಉತ್ತರ ಬಂತು. ಅವಳು ಯಾವಾಗ ಸೇರಿದಳೋ. ನನ್ನದು ಹದಿನೇಳು.

೧೦ ಏಪ್ರಿಲ್, ಬುಧವಾರ

ಭಾವನ ಕಾರ್ಡು ಬಂತು. ತುಂಗಾಳ ಹೆಸರಿಗೆ, ಇಂಗ್ಲಿಷಿನಲ್ಲಿ. ಅವಳು ಕ್ಲಾಸಿನಲ್ಲೇ ಗಟ್ಟಿಯಾಗಿ ಓದಿದಳು. ತಿಪಟೂರಿನವರಿಗೆ ಬೇಡವೆಂದು ಬರೆದಿದ್ದಾರೆ. ಅದು ಒಂದೇ ಸಾಲು. ಉಳಿದದ್ದೆಲ್ಲ ಪ್ರಶ್ನೆಗಳು. ಅಲ್ಲಿ ಸೆಕೆ ಹೇಗಿದೆ? ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಒಬ್ಬಟ್ಟು ಬಡಿಸಿದ ಆ ಮಹಾತಾಯಿಯ ಮಗ ಈಗ ಹೋಮ್ ವರ್ಕ್ ಮಾಡುತ್ತಾನಾ? ಓದಿ ಮುಗಿಸಿ ತುಂಗಾ ಮೂಲೆಯ ಪೆಟ್ಟಿಗೆಯ ಕಡೆ ನೋಡಿದಳು. ಪೆಟ್ಟಿಗೆಯನ್ನು ಗುರುಸಿದ್ದಯ್ಯನವರೂ ನಾನೂ ಸೇರಿ ಅಟ್ಟಕ್ಕೆ ಏರಿಸಿದೆವು.

ಉತ್ತರವನ್ನು ಎಲ್ಲರೂ ಸೇರಿ ಬರೆಯುವುದೆಂದಾಯಿತು, ಒಬ್ಬೊಬ್ಬರು ಒಂದೊಂದು ವಾಕ್ಯ. ಶಾಂತವ್ವನದು ತೆಗೆದುಕೊಂಡರು, ಜಗದಾಂಬಾಳದು ತೆಗೆದುಕೊಂಡರು, ಅನಂತಲಕ್ಷ್ಮಿಯದು ಎರಡು ತೆಗೆದುಕೊಂಡರು. ನನ್ನದು ಬೇಡವಂತೆ. ಅದರಲ್ಲಿ ಮೂರು ತಪ್ಪುಗಳಿವೆ ಎಂದಳು ತುಂಗಾ. ನಾನು ಎಣಿಸಿದ್ದು ಎರಡು. ಮೂರನೆಯದು ಯಾವುದೆಂದು ನಾಳೆ ಆರಕ್ಕೆ ಮೊದಲೇ ಚಾಪೆಯಲ್ಲಿ ಕೂತು ಕೇಳಬೇಕು.